ಹಟ್ಟಿಗೆ ಅಂಗನವಾಡಿ ಬೇಕಾ? ಇಲಾಖೆಯವರ ಜೊತೆ ಕೂರುವುದು ಹೀಗೆ

ಚಳ್ಳಕೆರೆ, ಹಿರಿಯೂರು ಕಡೆಯ ಹಟ್ಟಿಗಳಲ್ಲಿ ಅಂಗನವಾಡಿ ಬೇಕು ಅಂದರೆ ಶಾಸಕರಿಗೆ ಹಾರ ಹಾಕಿ ಮನವಿ ಕೊಡುತ್ತಾರೆ. ಆ ಮನವಿ ಎಲ್ಲಿ ಹೋಯಿತು ಅಂತ ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಪುಟ್ಟ ಮಕ್ಕಳ ವಿಷಯಕ್ಕೆ ಅಂತಲೇ 2022ರಿಂದ ಒಂದು ಜಂಟಿ ವೇದಿಕೆ ಇದೆ. ಶಿಕ್ಷಣ ಇಲಾಖೆಯವರೊಬ್ಬರು, ಸಮುದಾಯದ ಸಂಘಟನೆಯವರೊಬ್ಬರು, ಇಬ್ಬರೂ ಅದಕ್ಕೆ ಅಧ್ಯಕ್ಷರು. ನಮಗೆ ಯಾರೂ ಕುರ್ಚಿ ಹಾಕಿ ಕರೆಯುವುದಿಲ್ಲ, ಇರುವ ಗ್ರಾಮಸಭೆ, ಅಂಗನವಾಡಿ ನೋಡಿಕೊಳ್ಳುವ ಬಾಲವಿಕಾಸ ಸಮಿತಿಗಳಲ್ಲೇ ಜಾಗ ಮಾಡಿಕೊಳ್ಳಬೇಕು.

ಮೊದಲು ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಿ. ಮನೆಮನೆಗೆ ಹೋಗಿ ಹೆಸರು, ಹುಟ್ಟಿದ ತಾರೀಖು ಬರೆದುಕೊಳ್ಳಿ, ಕುರಿ ಹೊಡೆದುಕೊಂಡು ಬೇರೆ ಸೀಮೆಗೆ ಹೋದವರ ಮಕ್ಕಳನ್ನೂ ಬಿಡಬೇಡಿ. 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದಿದ್ದರೆ, ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶ ಮಾಡಿದೆ. ಅರ್ಜಿಯಲ್ಲಿ ಆ ತಾರೀಖನ್ನು ಬರೆಯಿರಿ. ತಾಲ್ಲೂಕಿನ ಸಿಡಿಪಿಓ (ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲು ಹಾಕಿಸಿ ವಾಪಸ್ ತನ್ನಿ. ಗ್ರಾಮಸಭೆಯಲ್ಲೂ ಠರಾವು ಮಾಡಿಸಿ. ಪಿಡಿಓ 'ಆಮೇಲೆ ಬರೆದುಕೊಳ್ತೀನಿ' ಅಂದರೆ ಎದ್ದು ಬರಬೇಡಿ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿ.

ಕಷ್ಟದ ಭಾಗ ಹಟ್ಟಿಯ ಒಳಗೇ ಇದೆ. ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಹೊರಗೆ ಇಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ನೋಡಿದರೆ, ಬಸುರಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ ಅನ್ನುವ ಲೆಕ್ಕದ್ದು. ಬಾಣಂತಿ ಒಳಗೆ ಬರುವುದಿಲ್ಲ, ಊಟ ಹೊರಗೆ ಹೋಗುವುದಿಲ್ಲ. ಅಧಿಕಾರಿ ಬಂದು ಸುಮ್ನೆ ಭಾಷಣ ಮಾಡಿ ಹೋದರೆ ಇದು ಬಗೆಹರಿಯುತ್ತಾ? ಯಜಮಾನರು, ಪೂಜಾರಿ, ಸೂಲಗಿತ್ತಿ ಅಜ್ಜಿ, ಆಶಾ ಕಾರ್ಯಕರ್ತೆ, ಅಂಗನವಾಡಿ ಸೂಪರ್‌ವೈಸರ್ ಎಲ್ಲರನ್ನೂ ಒಂದೇ ಚಾಪೆ ಮೇಲೆ ಕೂರಿಸಿ, ಕಟ್ಟಡಕ್ಕೆ ಜಾಗ ಗೊತ್ತು ಮಾಡುವ ಮೊದಲೇ, ಯಾವ ಹೆಣ್ಣುಮಗಳೂ ಯಾವ ದಿನವಾದರೂ ಕಾಲಿಡಬಹುದಾದ ಜಾಗ ಯಾವುದು ಅಂತ ಅವರ ಬಾಯಿಂದಲೇ ಹೇಳಿಸಿ. ಆ ರೂಢಿ ಹೋಗಲೇಬೇಕು ಅನ್ನುವವಳು ನಾನು. ಆದರೆ ಅದು ಹೋಗುವ ತನಕ ಬಾಣಂತಿ ಹಸಿದಿರೋದು ನ್ಯಾಯ ಅಲ್ಲ ಅಲ್ವಾ?

ಬಾಲವಿಕಾಸ ಸಮಿತಿಗೆ ಹಟ್ಟಿಯ ತಾಯಂದಿರೇ ಸೇರಬೇಕು, ಹೆಸರಿಗೆ ಮಾತ್ರ ಅಲ್ಲ. ದಾವಣಗೆರೆ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಹಕ್ಕಿಪಿಕ್ಕಿ ಕ್ಯಾಂಪುಗಳಲ್ಲಿ ವಾಗ್ರಿ. ಮೂರು ವರ್ಷದ ಮಗು ಗೊತ್ತಿಲ್ಲದ ಮಾತಿನಲ್ಲಿ ನೀರು ಕೇಳುವುದು ಹೇಗೆ? ಅಂಗನವಾಡಿ ಕಾರ್ಯಕರ್ತೆಯ ನೇಮಕಾತಿ ಪ್ರಕಟಣೆ ಬಂದ ಕೂಡಲೇ ಅಲ್ಲಿನ ಓದಿದ ಹೆಣ್ಣುಮಕ್ಕಳಿಂದ ಅರ್ಜಿ ಹಾಕಿಸಿ.

ಮೂರು ತಿಂಗಳಾದರೂ ಉತ್ತರ ಬರಲಿಲ್ಲವಾ? ಸೀಲು ಬಿದ್ದ ಪ್ರತಿ ಲಗತ್ತಿಸಿ ಜಿಲ್ಲಾ ಪಂಚಾಯ್ತಿ ಸಿಇಓಗೆ ಬರೆಯಿರಿ. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ನಿಮ್ಮ ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಒಂದೇ ವಿಷಯ, 150 ಪದದೊಳಗೆ. ಜಾಸ್ತಿ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ.