ಭವಂಗ ಚಿತ್ತವನ್ನು ಅಭ್ಯಾಸ ಮಾಡುವ ಕ್ರಮ

ಗಾಢನಿದ್ರೆಯಲ್ಲಿಯೂ ಕಡಿಯದೆ ಹರಿಯುವ ಚಿತ್ತ ಎಂದೊಡನೆ ನಮ್ಮವರಿಗೆ ಮಾಂಡೂಕ್ಯ ಉಪನಿಷತ್ತಿನ ಸುಷುಪ್ತಿಯೂ (ಕನಸಿಲ್ಲದ ನಿದ್ದೆ) ಅದನ್ನು ನೋಡುತ್ತಿರುವ ಸಾಕ್ಷಿಯೂ ನೆನಪಾಗುತ್ತವೆ. ಭವಂಗವನ್ನು ಓದಲು ಹೊರಟವರು ಮೊದಲು ಈ ಎರಡು ಪದಗಳನ್ನು ಬದಿಗಿಡಬೇಕು. ಒಂದು ಜನ್ಮದ ಇರವು ನಡುವೆ ತುಂಡಾಗದಂತೆ ಒಂದರ ಹಿಂದೊಂದಾಗಿ ಹುಟ್ಟಿ ಅಳಿಯುವ ಚಿತ್ತಕ್ಷಣಗಳಿಗೆ ಥೇರವಾದ ಬೌದ್ಧರ ಅಭಿಧಮ್ಮ, ಅಂದರೆ ಚಿತ್ತವನ್ನು ಬಿಡಿಸಿ ನೋಡುವ ಶಾಸ್ತ್ರ, ಕೊಟ್ಟಿರುವ ಹೆಸರು ಭವಂಗ. ಅಲ್ಲಿ ಕುಳಿತು ನೋಡುವವನು ಯಾರೂ ಇಲ್ಲ.

ವ್ಯಾಖ್ಯೆಯನ್ನು ಬಾಯಿಪಾಠ ಮಾಡುವುದಕ್ಕಿಂತ ಕ್ಷಣಗಳನ್ನು ಎಣಿಸಲು ಕಲಿಯುವುದು ಒಳ್ಳೆಯದು. ಬನಶಂಕರಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕನಸಿಲ್ಲದ ನಿದ್ದೆಗೆ ಜಾರಿದ್ದೀರಿ, ಕಂಡಕ್ಟರ್ ‘ಮೆಜೆಸ್ಟಿಕ್’ ಎಂದು ಕೂಗುತ್ತಾರೆ ಎಂದುಕೊಳ್ಳಿ. ಶಬ್ದ ಕಿವಿಗೆ ತಾಕಿದಾಗ ಒಂದು ಭವಂಗ ದಾಟಿಹೋಗುತ್ತದೆ, ಎರಡನೆಯದು ಅಲುಗುತ್ತದೆ, ಮೂರನೆಯದರೊಂದಿಗೆ ಹರಿವು ಕಡಿಯುತ್ತದೆ. ನಾಲ್ಕನೆಯ ಕ್ಷಣ ಕಿವಿಯ ಬಾಗಿಲ ಕಡೆಗೆ ತಿರುಗುತ್ತದೆ. ಐದನೆಯದು ಬರಿದೇ ಕೇಳುತ್ತದೆ. ಆರು, ಏಳು, ಎಂಟನೆಯವು ಕ್ರಮವಾಗಿ ಸ್ವೀಕರಿಸುತ್ತವೆ, ಪರಿಶೀಲಿಸುತ್ತವೆ, ನಿರ್ಣಯಿಸುತ್ತವೆ. ಆಮೇಲೆ 7 ಜವನಗಳು, ಅಂದರೆ ಶಬ್ದಕ್ಕೆ ಸ್ಪಂದಿಸುವ ಕ್ಷಣಗಳು, ಓಡುತ್ತವೆ. ಕರ್ಮ ಕಟ್ಟಿಕೊಳ್ಳುವುದು ಇಲ್ಲಿಯೇ. ಅದೇ ಶಬ್ದವನ್ನು ಹಿಡಿದ 2 ತದಾರಮ್ಮಣ ಕ್ಷಣಗಳು ಸೇರಿ ಒಟ್ಟು 17 ಆಗುತ್ತವೆ, ಮತ್ತೆ ಭವಂಗ ಮೊದಲಾಗುತ್ತದೆ. ಗಮನಿಸಿ, ಇಷ್ಟಾದರೂ ಅದು ‘ಮೆಜೆಸ್ಟಿಕ್’ ಎಂದು ನಿಮಗಿನ್ನೂ ತಿಳಿದಿಲ್ಲ. ಹೆಸರು ಹೊಳೆಯುವುದು, ಇಳಿಯಬೇಕೆಂಬ ಗಡಿಬಿಡಿ ಹುಟ್ಟುವುದು ಬಳಿಕ ಮನೋದ್ವಾರದಲ್ಲಿ ನಡೆಯುವ ಬೇರೆ ಸಾಲುಗಳಲ್ಲಿ. ಪಾಳಿ ವ್ಯಾಖ್ಯಾನವಾದ ಅಟ್ಠಕಥೆಯು ಇದೇ ಸಾಲನ್ನು, ತಲೆಗೆ ಮುಸುಕು ಹಾಕಿಕೊಂಡು ಮಾವಿನ ಮರದಡಿ ಮಲಗಿದವನು ಹಣ್ಣು ಬಿದ್ದ ಸದ್ದಿಗೆ ಎದ್ದು, ಅದನ್ನು ಹಿಸುಕಿ, ಮೂಸಿ, ತಿಂದು, ಮತ್ತೆ ಮಲಗುವ ಉಪಮೆಯಿಂದ ವಿವರಿಸುತ್ತದೆ, ತಿನ್ನುವುದೇ ಜವನ.

ಓದಿನ ಕ್ರಮ ಹೀಗಿದ್ದರೆ ಅನುಕೂಲ: ಮೊದಲು ರಾಜ ಮಿಲಿಂದ ಮತ್ತು ಭಿಕ್ಷು ನಾಗಸೇನರ ಸಂವಾದವಾದ ಮಿಲಿಂದಪಞ್ಹದಲ್ಲಿ ನಿದ್ದೆ, ಕನಸುಗಳ ಕುರಿತ ಪ್ರಶ್ನೆ, ಆಮೇಲೆ ಅಭಿಧಮ್ಮದ ಕೈಪಿಡಿಯಾದ, ಅನುರುದ್ಧನ ಅಭಿಧಮ್ಮತ್ಥಸಂಗಹದ ನಾಲ್ಕನೆಯ ಅಧ್ಯಾಯ. ಪುಸ್ತಕದಲ್ಲಿ ಬಗೆಹರಿಯದ್ದನ್ನು ಬಲ್ಲವರ ಬಳಿ ಕೇಳಬೇಕೆನಿಸಿದರೆ, ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಸ್ಥಾಪಿಸಿದ ಮಹಾಬೋಧಿ ಸೊಸೈಟಿ ಮೆಜೆಸ್ಟಿಕ್‌ಗೆ ಹೊಂದಿಕೊಂಡ ಗಾಂಧಿನಗರದಲ್ಲಿಯೇ ಇದೆ.

ಮಹಾಯಾನ ಬೌದ್ಧರ ಯೋಗಾಚಾರ ಪಂಥದ ಆಲಯವಿಜ್ಞಾನವನ್ನು ಭವಂಗದೊಂದಿಗೆ ಕಲಸಬೇಡಿ. ನಾನು ಬಹುಕಾಲ ಮಾಡಿದ ತಪ್ಪು ಇದು. ನಮ್ಮ ವೃಷಭಾವತಿ ಕೆಲವೆಡೆ ರಸ್ತೆಯ ಕೆಳಗೆ ಹರಿಯುವಂತೆ, ಎಚ್ಚರದ ಗಲಾಟೆಯ ಕೆಳಗೆ ಭವಂಗವೂ ಸದಾ ಹರಿಯುತ್ತಿರುತ್ತದೆ ಎಂದುಕೊಂಡಿದ್ದೆ. ಅಭಿಧಮ್ಮದ ಪ್ರಕಾರ ಒಂದು ಹೊತ್ತಿಗೆ ಒಂದೇ ಚಿತ್ತ. ಕೇಳುವ ಚಿತ್ತ ಹುಟ್ಟಿದಾಗ ಭವಂಗ ಕೆಳಗೆ ಅಡಗಿರುವುದಿಲ್ಲ, ಇರುವುದೇ ಇಲ್ಲ. ರಸ್ತೆಯಡಿಯ ನದಿಯ ಚಿತ್ರ ಒಪ್ಪುವುದು ಆಲಯಕ್ಕೆ. ಯೋಗಾಚಾರ ಎಣಿಸುವ ಎಂಟು ವಿಜ್ಞಾನಗಳಲ್ಲಿ, ಅಂದರೆ ಅರಿವಿನ ಬಗೆಗಳಲ್ಲಿ, ಒಂದಾದ ಅದು ಕರ್ಮದ ಬೀಜಗಳನ್ನು ಹೊತ್ತು ಉಳಿದ ಏಳರ ಜೊತೆಜೊತೆಗೇ ಸಾಗುತ್ತದೆ. ಯೋಗಾಚಾರದ ಆಚಾರ್ಯ ವಸುಬಂಧು ತನ್ನ ತ್ರಿಂಶಿಕೆಯಲ್ಲಿ ಅದನ್ನು ಪ್ರವಾಹಕ್ಕೇ ಹೋಲಿಸುತ್ತಾನೆ. ಈ ಹರಿವನ್ನು ಮನಸ್ಸು ‘ನಾನು’ ಎಂದು ತಪ್ಪಾಗಿ ಹಿಡಿಯುತ್ತದೆ. ಆತ್ಮವೆಂದು ಕಲ್ಪಿಸಿಕೊಂಡಾರೆಂದು ಇದನ್ನು ಮೂಢರಿಗೆ ಹೇಳಲಿಲ್ಲ ಎಂಬ ಮಾತು ಸಂಧಿನಿರ್ಮೋಚನ ಸೂತ್ರದಲ್ಲಿ ಬುದ್ಧನ ಬಾಯಲ್ಲಿಯೇ ಬರುತ್ತದೆ. ಫ್ರಾಯ್ಡನ ಸುಪ್ತಮನಸ್ಸಿನ ಹೋಲಿಕೆಯಂತೂ ಭವಂಗಕ್ಕೆ ಸಲ್ಲದು. ಅದುಮಿಟ್ಟ ಆಸೆಗಳ ಉಗ್ರಾಣ ಅದಲ್ಲ.

ಧ್ಯಾನಕ್ಕೆ ಕೂರುವವರು ಒಂದು ಎಚ್ಚರಿಕೆ ವಹಿಸಬೇಕು. ಹತ್ತು ನಿಮಿಷ ಏನೂ ತಿಳಿಯದೆ ಕಳೆದು, ಬೀದಿಯ ಹಾರ್ನ್ ಸದ್ದಿಗೆ ಬೆಚ್ಚಿ ಕಣ್ಣು ತೆರೆದಾಗ ಅದನ್ನು ನಿಬ್ಬಾಣದ (ನಿರ್ವಾಣದ) ರುಚಿಯೆಂದು ಹಿಗ್ಗುವವರಿದ್ದಾರೆ. ಅದು ಬಹುಪಾಲು ಭವಂಗಕ್ಕೆ ಜಾರಿದ್ದೇ ಆಗಿರುತ್ತದೆ, ಅರ್ಥಾತ್ ಒಂದು ಸಣ್ಣ ನಿದ್ದೆ. ಭವಂಗದ ಆರಮ್ಮಣ, ಅಂದರೆ ಅದು ಹಿಡಿದಿರುವ ವಿಷಯ, ಹಿಂದಿನ ಜನ್ಮದ ಕೊನೆಯ ಗಳಿಗೆಯಲ್ಲಿ ಹಿಡಿದದ್ದೇ ಹೊರತು ಈ ಕೋಣೆಯಲ್ಲಿರುವ ಯಾವುದೂ ಅಲ್ಲ. ಹಾಗಾಗಿ ಅದನ್ನು ನೇರವಾಗಿ ಹಿಡಿಯುವ ಹಟ ಬೇಡ. ಅದು ಕಡಿಯುವ ಅಂಚನ್ನು ಗಮನಿಸಿದರೆ ಸಾಕು. ಬೆಳಿಗ್ಗೆ ಪಕ್ಕದ ಮನೆಯ ಕುಕ್ಕರ್ ಕೂಗಿ ಎಚ್ಚರವಾದಾಗ, ‘ಕುಕ್ಕರ್’ ಎಂಬ ಹೆಸರು ಬರುವುದಕ್ಕೆ ಮುಂಚೆ ಬರೀ ಸದ್ದೊಂದು ಇತ್ತೇ ಎಂದು, ಹಾಸಿಗೆ ಬಿಡುವ ಮೊದಲೇ ನೋಡಿಕೊಳ್ಳಿ.