ಮಳೆಗಾಲದ ಸಾಮಾನು ಮೇ ತಿಂಗಳಲ್ಲೇ ಮನೆ ಸೇರಲಿ

ಮುಂಬಯಿಯಲ್ಲಿ ಜಡಿಮಳೆ ಹಿಡಿದು ಲೋಕಲ್ ರೈಲು ನಿಂತ ದಿನ ಚೀಲ ಹಿಡಿದು ಕಿರಾಣಿ ಅಂಗಡಿಗೆ ಓಡಬೇಡಿ. ಸಣ್ಣ ಅಂಗಡಿಯಲ್ಲಿ ಜಾಗವೇ ಕಡಿಮೆ, ಕೆಲವೇ ದಿನಕ್ಕಾಗುವಷ್ಟು ಸಾಮಾನು ಇಟ್ಟಿರುತ್ತಾರೆ. ದಿನಕ್ಕೆ ಹತ್ತು ಚೀಲ ಗೋಧಿಹಿಟ್ಟು ಹೋಗುವಲ್ಲಿ ಹತ್ತು ಮನೆಯವರು ತಲಾ ಮೂರು ಚೀಲ ಹೊತ್ತೊಯ್ದರೆ ಮೂರು ದಿನದ ಹಿಟ್ಟು ಒಂದೇ ಗಂಟೆಗೆ ಖಾಲಿ. ಅಂದಂದಿನ ಕೂಲಿಯಲ್ಲಿ ಒಂದೊಂದು ಕಿಲೋ ಕೊಳ್ಳುವವರು ಬರಿಗೈಯಲ್ಲಿ ಹೋಗುತ್ತಾರೆ. ನನಗೆ ಎಲ್ಲಕ್ಕಿಂತ ಸಂಕಟದ ಮಾತು ಇದೇ. ಅಂಗಡಿಯವರು ಗಾಬರಿಯಲ್ಲಿ ದುಪ್ಪಟ್ಟು ಆರ್ಡರ್ ಕೊಡುತ್ತಾರೆ, ಡೀಲರು ಅದರ ಮೇಲೆ ಇನ್ನಷ್ಟು ಸೇರಿಸುತ್ತಾರೆ. ಟೆಂಪೊ ಬರುವಷ್ಟರಲ್ಲಿ ಎಲ್ಲರ ಡಬ್ಬಿಯೂ ತುಂಬಿರುತ್ತದೆ. ಕೊಳ್ಳುವವರಿಲ್ಲದೆ ಹಿಟ್ಟಿಗೆ ಹುಳ ಬೀಳುತ್ತದೆ.

ಹಾಲಿನದು ಬೇರೆ ಲೆಕ್ಕ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ, ಸಾಂಗ್ಲಿ ಕಡೆ ನೆರೆ ಬಂದು ಹೆದ್ದಾರಿ ಮುಚ್ಚಿದಾಗ ಮುಂಬಯಿಗೆ ಹಾಲೇ ಕಡಿಮೆಯಾಯಿತು. ಅಂಥ ದಿನ ನಾಲ್ಕು ಪ್ಯಾಕೆಟ್ ತಂದರೂ ಕರೆಂಟ್ ಹೋದರೆ ಒಡೆದೇ ಹೋಗುತ್ತದೆ. ಅರ್ಧ ಕಿಲೋ ಹಾಲಿನ ಪುಡಿ ಇದ್ದರೆ ನಾಲ್ಕು ಲೀಟರಿಗೆ ಮೋಸವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಂದು ಸಾಮಾನು ಹೆಚ್ಚು ತನ್ನಿ. ನಾಲ್ಕು ಮಂದಿಯ ಮನೆಗೆ ಒಂದು ವಾರಕ್ಕೆ ಕುಚ್ಚಲಕ್ಕಿ 4 ಕಿಲೋ, ತೊಗರಿಬೇಳೆ ಒಂದೂವರೆ ಕಿಲೋ, ಎಣ್ಣೆ 1 ಲೀಟರ್ ಸಾಕು. ನಿತ್ಯದ ಮಾತ್ರೆ ಹದಿನೈದು ದಿನಕ್ಕಾಗುವಷ್ಟು ಇರಲಿ. ಒಂದು ಸಿಲಿಂಡರ್ ಮುಗಿದ ದಿನವೇ ಇನ್ನೊಂದನ್ನು ಬುಕ್ ಮಾಡಿ.

ತಂದದ್ದು ಕೆಡಬಾರದು. ಕಿಲೋ ಬೇಳೆಗೆ ಒಂದು ಸಣ್ಣ ಚಮಚ ಹರಳೆಣ್ಣೆ ಹಾಕಿ, ಪ್ರತಿ ಕಾಳಿಗೂ ಹೊಳಪು ಬರುವ ತನಕ ಅಂಗೈಯಲ್ಲಿ ತಿಕ್ಕಿ, ಒಂದು ದಿನ ಬಿಸಿಲಿಗಿಟ್ಟು ತುಂಬಿಡಿ. ಬೇಯಿಸುವಾಗ ಬೆಚ್ಚನೆ ನೀರಲ್ಲಿ ತೊಳೆಯಿರಿ. ರವೆಯನ್ನು ಸಣ್ಣ ಉರಿಯಲ್ಲಿ, ಬೆರಳ ಸಂದಿಯಿಂದ ಮರಳಿನಂತೆ ಉದುರುವ ತನಕ ಹುರಿಯಿರಿ. ಬಿಸಿ ಇರುವಾಗಲೇ ಮುಚ್ಚಳ ಹಾಕುವುದೇ ಹೆಚ್ಚಿನವರು ಮಾಡುವ ತಪ್ಪು: ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ, ಮೂರೇ ದಿನಕ್ಕೆ ರವೆ ಗಂಟು. ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ. ಗೋಧಿಹಿಟ್ಟು ಮಳೆಗಾಲದಲ್ಲಿ ತಿಂಗಳಿಗಿಂತ ಹೆಚ್ಚು ಇಡಬೇಡಿ. ಈರುಳ್ಳಿ, ಬಟಾಟೆ ಒಂದೇ ಬುಟ್ಟಿಯಲ್ಲಿ ಬೇಡ, ಬೇಗ ಕೆಡುತ್ತವೆ.

ಹೊಸ ಪ್ಯಾಕೆಟ್ ಹಿಂದಕ್ಕಿಟ್ಟು ಹಳೆಯದನ್ನು ಮುಂದೆ ತಂದು ಬಳಸುತ್ತಿರಿ. ಚೌತಿ ಕಳೆದ ಮೇಲೆ ಹೆಚ್ಚಿಗೆ ತರುವುದನ್ನು ನಿಲ್ಲಿಸಿ, ನವರಾತ್ರಿಯ ಹೊತ್ತಿಗೆ ಡಬ್ಬಿಗಳನ್ನು ಖಾಲಿ ಮಾಡಿ ತೊಳೆದು ಬಿಸಿಲಿಗೆ ಕವುಚಿಡಿ.