ಉಪ್ಪುನೀರಿನ ತೊಟ್ಟಿಗೆ ನಾನೇ ಕಟ್ಟಿದ ಮರದ ಕಪಾಟು

ನನ್ನ ಮೀನಿನ ತೊಟ್ಟಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಲೀಟರಿಗೆ 1.025 ಕಿಲೋ. 12 ಮಿ.ಮೀ. ದಪ್ಪದ ಗಾಜೇ 120 ಕಿಲೋ ತೂಗುತ್ತದೆ. ಕಲ್ಲು, ಮರಳು, ಕೆಳಗೆ ಫಿಲ್ಟರಿಗೆ ಅಂತ ಇಡುವ ಇನ್ನೊಂದು ಸಣ್ಣ ತೊಟ್ಟಿ, ಅಂದರೆ ಸಂಪ್, ಎಲ್ಲ ಸೇರಿದರೆ ಒಂದು ಟನ್ ದಾಟುತ್ತದೆ. ಮರ ಕೊಯ್ಯುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡೆ: ಭಾರ ಹೊರುವ ಮರ ಬೇರೆ, ಕಣ್ಣಿಗೆ ಕಾಣುವ ಮರ ಬೇರೆ.

ಹೊರುವ ಚೌಕಟ್ಟಿಗೆ 90 × 45 ಮಿ.ಮೀ. ತುಂಡುಗಳನ್ನು ಬಳಸಿದೆ. ಮೇಲಿನ ಅಡ್ಡಪಟ್ಟಿ ನೇರವಾಗಿ ಕಾಲುಗಳ ತಲೆಯ ಮೇಲೆ ಕೂರುತ್ತದೆ. ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದರೆ ಇಡೀ ತೂಕ ಆ ಸ್ಕ್ರೂಗಳ ಮೇಲೆ ನೇತಾಡುತ್ತದೆ. ಮರದ ಮೇಲೆ ಮರ ಕೂರಬೇಕು, ಸ್ಕ್ರೂ ಅದನ್ನು ಅಲುಗದ ಹಾಗೆ ಹಿಡಿದುಕೊಂಡರೆ ಸಾಕು. ಪಕ್ಕಕ್ಕೆ ವಾಲಬಾರದು ಅಂತ ಹಿಂಬದಿಗೆ ಪ್ಲೈ ಹಾಳೆಯನ್ನು ಅಂಟು ಹಾಕಿ ಬಿಗಿದೆ.

ರಸಮಟ್ಟ ಇಟ್ಟು ನೋಡಿದಾಗ ನೆಲ ಆರಡಿಗೆ 4 ಮಿ.ಮೀ. ಇಳಿಜಾರಿತ್ತು. ಕಾಲುಗಳ ಕೆಳಗೆ ತೆಳು ಚಕ್ಕೆ ಕೊಟ್ಟು ಸರಿಮಾಡಿದೆ. ಗಾಜಿನ ಕೆಳಗೆ ಚಕ್ಕೆ ಕೊಡಲೇಬಾರದು. ಒಂದೇ ಜಾಗಕ್ಕೆ ಒತ್ತಡ ಬಿದ್ದರೆ ತಳ ಸೀಳುತ್ತದೆ. ಕೊನೆಗೆ ನೀರು ಹಾಕುವಾಗಲೂ ಕಾಲು ಕಾಲು ಭಾಗವಾಗಿ ತುಂಬಿಸಿದೆ, ಪ್ರತಿ ಸಲವೂ ರಸಮಟ್ಟ ಇಟ್ಟು ನೋಡಿದೆ.

ಚೌಕಟ್ಟು ನಿಂತಾಗಲೇ ಅರ್ಧ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಹೊರಗಿನ ಕಪಾಟನ್ನು ಚೆಂದ ಕಾಣಲಿ ಅಂತ ಮಾಡ್ತೀವಿ, ಸರಿ. ಆದರೆ ಉಪ್ಪುನೀರಿನ ತೊಟ್ಟಿಗೆ ದಿನಾ ಕೈ ಹಾಕಬೇಕು. ಗಾಜು ಉಜ್ಜಬೇಕು, ಸ್ಕಿಮ್ಮರಿನ ಬಟ್ಟಲು ಖಾಲಿ ಮಾಡಬೇಕು, ಪಂಪ್ ಬಿಚ್ಚಿ ತೊಳೆಯಬೇಕು. ಹಾಗಾಗಿ ಪ್ರತಿ ಹಲಗೆಯ ಮುಂದೆ ನಿಂತು, ಇದನ್ನು ಒದ್ದೆ ಕೈಯಲ್ಲಿ, ಸ್ಕ್ರೂಡ್ರೈವರ್ ಇಲ್ಲದೆ ತೆಗೆಯೋಕೆ ಆಗುತ್ತಾ ಅಂತ ಕೇಳಿಕೊಂಡೆ. ಆಗಲ್ಲ ಅನಿಸಿದ್ದನ್ನೆಲ್ಲ ಮತ್ತೆ ಹೊಸದಾಗಿ ಮಾಡಿದೆ.

ಸ್ಕಿಮ್ಮರ್ ಅಂದರೆ ನೀರಿನ ಕೊಳೆಯನ್ನು ನೊರೆಯ ಜೊತೆ ಮೇಲಕ್ಕೆ ತಂದು ಬಟ್ಟಲಿಗೆ ಸುರಿಯುವ ಸಾಧನ. ಆ ಬಟ್ಟಲನ್ನು ಮೇಲಕ್ಕೆತ್ತಿಯೇ ತೆಗೆಯಬೇಕು. ಸ್ಕಿಮ್ಮರ್ ಒಳಗೆ ಹಿಡಿಸಿದರೆ ಸಾಲದು, ಅದರ ಮೇಲೆ ಇನ್ನೂ ಒಂದು ಗೇಣು ಜಾಗ ಖಾಲಿ ಇರಬೇಕು. ನಾನು ಅದೇ ಅಳತೆಗೆ ರಟ್ಟಿನ ಡಬ್ಬ ಮಾಡಿ, ಬರೀ ಚೌಕಟ್ಟಿನೊಳಗೆ ಇಟ್ಟು, ಎತ್ತಿ ನೋಡಿದೆ. ಮೇಲಿನ ಪಟ್ಟಿಗೆ ತಾಗಿತು. ಕಾಲುಗಳನ್ನು ಎತ್ತರ ಮಾಡಿದೆ. ಸಂಪನ್ನು ಮುಂದಿನಿಂದ ಒಳಗೆ ಹಾಕೋಕೆ ನಡುವಿನ ಕಾಲು ಅಡ್ಡ ಬರುತ್ತಿತ್ತು, ಅದಕ್ಕೆ ಎಡಪಕ್ಕದ ಇಡೀ ಹಲಗೆಯನ್ನು ಮ್ಯಾಗ್ನೆಟ್ ಮೇಲೆ ನಿಲ್ಲಿಸಿದೆ. ಎಳೆದರೆ ಬರುತ್ತದೆ, ಸಂಪ್ ಅಲ್ಲಿಂದ ಒಳಗೆ ಜಾರುತ್ತದೆ. ಮ್ಯಾಗ್ನೆಟ್ಟನ್ನು ತೂತಿನಲ್ಲಿ ಕೂರಿಸಿ ಮೇಲೆ ಎಪಾಕ್ಸಿ, ಅಂದರೆ ಒಣಗಿದರೆ ಗಟ್ಟಿಯಾಗಿ ನೀರು ತಡೆಯುವ ಲೇಪ, ಮುಚ್ಚಿದ್ದೇನೆ. ಇಲ್ಲದಿದ್ದರೆ ಉಪ್ಪಿನ ಗಾಳಿಗೆ ತುಕ್ಕು ಹಿಡಿದು ಪುಡಿಯಾಗುತ್ತದೆ.

ಈಗ ನನ್ನನ್ನು ನಿಜವಾಗಿ ಕಂಗೆಡಿಸಿದ ರಾತ್ರಿಯ ಮಾತು. ತೊಟ್ಟಿ ಓಡಲು ಶುರುವಾಗಿ ಮೂರು ವಾರ ಆಗಿತ್ತು. ರಾತ್ರಿ ಕರೆಂಟ್ ಹೋಯಿತು. ಪಂಪ್ ನಿಂತಿತು. ಪಂಪ್ ನಿಂತಾಗ ಮೇಲಿನ ನೀರು ಸ್ವಲ್ಪ ಕೆಳಗಿನ ಸಂಪಿಗೆ ಇಳಿಯುವುದು ಸಹಜ. ಆದರೆ ನೀರನ್ನು ಮೇಲಕ್ಕೆ ತರುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 4 ಸೆಂ.ಮೀ. ಕೆಳಗಿತ್ತು. ಪಂಪ್ ನಿಂತ ಮೇಲೆ ಅದೇ ಪೈಪ್ ಉಲ್ಟಾ ನೀರೆಳೆಯೋಕೆ ಶುರು ಮಾಡಿತು. ನನ್ನ ತೊಟ್ಟಿಯಲ್ಲಿ ಮಟ್ಟ ಒಂದು ಸೆಂ.ಮೀ. ಇಳಿದರೆ 11 ಲೀಟರ್. ನಾಲ್ಕು ಸೆಂ.ಮೀ.ಗೆ 44 ಲೀಟರ್. ಸಂಪಿನಲ್ಲಿ ಖಾಲಿ ಇದ್ದ ಜಾಗ 30 ಲೀಟರಿಗೆ ಮಾತ್ರ. ಮಿಕ್ಕಿದ್ದು ಕಪಾಟಿನ ತಳಕ್ಕೆ ಹೋಯಿತು.

ಬೆಳಿಗ್ಗೆ ಒರೆಸಿದೆ, ಏನೂ ಆಗಿಲ್ಲ ಅನಿಸಿತು. ನಾಲ್ಕು ದಿನ ಬಿಟ್ಟು ಬಾಗಿಲು ಸರಿಯಾಗಿ ಮುಚ್ಚಲಿಲ್ಲ. ಟಾರ್ಚ್ ಹಿಡಿದು ಮಂಡಿಯೂರಿ ನೋಡಿದೆ. ತಳದ ಹಲಗೆಯ ಮೇಲ್ಮೈ ಚೆನ್ನಾಗಿಯೇ ಇತ್ತು, ಅದಕ್ಕೆ ಎಪಾಕ್ಸಿ ಹಚ್ಚಿದ್ದೆ. ಹಿಂದಿನ ಕಾಲಿನ ಮರೆಯಲ್ಲಿ ಹಲಗೆಯ ಕೊಯ್ದ ಅಂಚು ಮಾತ್ರ ಬರೀ ಮರವಾಗಿಯೇ ಉಳಿದಿತ್ತು. ನೀರು ಅಲ್ಲಿಂದ ಒಳಹೊಕ್ಕಿತ್ತು. ಅಂಚು ನೆಂದ ರಟ್ಟಿನ ಹಾಗೆ ಪದರ ಪದರ ಬಿಚ್ಚಿಕೊಂಡು, ಒಂದು ಬೆರಳು ದಪ್ಪ ಉಬ್ಬಿ, ಬಾಗಿಲನ್ನು ಮೇಲಕ್ಕೆ ತಳ್ಳುತ್ತಿತ್ತು. ಉಗುರಲ್ಲಿ ಒತ್ತಿದರೆ ನೀರು ಜಿನುಗಿತು, ನಾಲಗೆಗೆ ಉಪ್ಪು ಹತ್ತಿತು.

ಆ ತಳಕ್ಕೆ ಸಾಮಾನ್ಯ ಪ್ಲೈ ಬಳಸಿದ್ದು ನನ್ನ ತಪ್ಪು. ಕಿತ್ತು ಮರೈನ್ ಪ್ಲೈ ಹಾಕಿದೆ. ಅದರ ಪದರಗಳ ನಡುವಿನ ಫೀನಾಲಿಕ್ ಅಂಟು ನೀರಿಗೆ ಬಿಡುವುದಿಲ್ಲ. ಈ ಸಲ ಎಲ್ಲ ಹಲಗೆಗಳನ್ನೂ ಕೊಯ್ದು, ತೂತು ಹೊಡೆದು, ಆಮೇಲೆ ಜೋಡಿಸುವ ಮುಂಚೆಯೇ ಎಪಾಕ್ಸಿ ಹಚ್ಚಿದೆ. ಅಂಚುಗಳಿಗೆ ಮೂರು ಸಲ. ಸ್ಕ್ರೂ ತೂತಿನೊಳಕ್ಕೂ, ಹಿಂಜ್ ಕೂರುವ 35 ಮಿ.ಮೀ. ಗುಳಿಗೂ ಸಣ್ಣ ಬ್ರಷ್ಷಿನಲ್ಲಿ ಹಚ್ಚಿದೆ. ಮೂಲೆಗಳಿಗೆ ಸಿಲಿಕೋನ್ ಎಳೆದು, ತಳವನ್ನೇ ಒಂದು ತಟ್ಟೆಯ ಹಾಗೆ ಮಾಡಿದೆ. ಈಗ ಸ್ವಲ್ಪ ಚೆಲ್ಲಿದರೂ ಅದು ಅಲ್ಲೇ ನಿಲ್ಲುತ್ತದೆ. ಪೈಪಿನ ಬಾಯನ್ನು ಮೇಲಕ್ಕೆ ತಂದು, ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಹೊಡೆದೆ. ನೀರು ಅಷ್ಟು ಇಳಿದ ಕೂಡಲೇ ತೂತಿನಿಂದ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಪಂಪ್ ಆರಿಸಿ, ಸಂಪಿನಲ್ಲಿ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ನೋಡಿ, ಅಲ್ಲಿಗೆ ಟೇಪ್ ಅಂಟಿಸಿದೆ.

ಬಾಗಿಲುಗಳಿಗೆ ತೇಗ ತಂದೆ. ತೇಗವೇ ಆದರೂ ಗಾಳಿಯ ತೇವಕ್ಕೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಉದ್ದಕ್ಕೆ ಬಹುತೇಕ ಇಲ್ಲ. ಅದಕ್ಕೇ ಇಡೀ ಬಾಗಿಲನ್ನು ಒಂದೇ ಹಲಗೆಯಲ್ಲಿ ಮಾಡಲಿಲ್ಲ. ಚೌಕಟ್ಟು ಮಾಡಿ, ಅದರ ಒಳ ಅಂಚಿಗೆ ಉದ್ದನೆಯ ತೋಡು ಕೊರೆದು, ಹಲಗೆಯನ್ನು ಅದರಲ್ಲಿ ಸುಮ್ನೆ ಕೂರಿಸಿದೆ. ಅಂಟು ಹಾಕಲಿಲ್ಲ, ಎರಡೂ ಬದಿಗೆ 3 ಮಿ.ಮೀ. ಬಿಟ್ಟೆ. ಹಲಗೆಗೆ ಪಾಲಿಶ್ ಮಾಡಿದ್ದು ಕೂರಿಸುವ ಮೊದಲು. ಕೂರಿಸಿದ ಮೇಲೆ ಮಾಡಿದರೆ, ಒಣ ಕಾಲದಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿ ಗೆರೆ ಇಣುಕುತ್ತದೆ.

ಪಾಲಿಶ್ ವಾಸನೆಯ ಬಗ್ಗೆ ಒಂದು ಮಾತು. ಸ್ಕಿಮ್ಮರ್ ಕಪಾಟಿನೊಳಗಿನ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತದೆ. ಹಸಿ ಪಾಲಿಯುರೆಥೇನ್ ವಾಸನೆ ಇರುವ ಕಪಾಟಿನಲ್ಲಿ ಅದನ್ನು ಓಡಿಸಿದರೆ ಆ ವಾಸನೆ ಮೀನುಗಳಿಗೂ ಮುಟ್ಟುತ್ತದೆ ಅಲ್ವಾ? ಬಾಗಿಲುಗಳನ್ನು ಬೇರೆ ಕೋಣೆಯಲ್ಲಿ ಒಂದು ತಿಂಗಳು ಒಣಗಿಸಿ ಆಮೇಲೆ ಹಾಕಿದೆ. ಅಷ್ಟು ದಿನ ಕಾದಿದ್ದಕ್ಕೆ ಒಂದಿಷ್ಟೂ ಬೇಜಾರಿಲ್ಲ.

ಮೊದಲು ಹಾಕಿದ ಹಿಂಜುಗಳು ಎಂಟು ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ನೀರಿನ ಗುಳ್ಳೆ ಒಡೆದಾಗಲೆಲ್ಲ ಸಣ್ಣ ಹನಿ ಹಾರುತ್ತದೆ, ಹನಿ ಒಣಗಿ ಉಪ್ಪಾಗುತ್ತದೆ, ಉಪ್ಪು ಮತ್ತೆ ತೇವ ಎಳೆದುಕೊಳ್ಳುತ್ತದೆ. ಈಗ ಎಲ್ಲವೂ 316 ದರ್ಜೆಯ ಸ್ಟೇನ್‌ಲೆಸ್. ಅದರಲ್ಲಿ ಮಾಲಿಬ್ಡಿನಮ್ ಇರುವುದರಿಂದ 304ಕ್ಕಿಂತ ಚೆನ್ನಾಗಿ ಉಪ್ಪನ್ನು ತಡೆಯುತ್ತದೆ. ಹಿತ್ತಾಳೆ ನೋಡೋಕೆ ತೇಗಕ್ಕೆ ಒಪ್ಪುತ್ತದೆ, ಆದರೆ ನೀರಿನ ಮೇಲೆ ಬರುವ ಜಾಗದಲ್ಲಿ ಬೇಡವೇ ಬೇಡ. ಹಿತ್ತಾಳೆಯಲ್ಲಿ ತಾಮ್ರವಿದೆ. ಅದು ತೊಟ್ಟಿಕ್ಕಿದರೆ ಸೀಗಡಿ, ಬಸವನಹುಳು, ಹವಳ ಉಳಿಯುವುದಿಲ್ಲ.

ಮೇಲಿನ ಮುಚ್ಚಳವನ್ನು ಗ್ಯಾಸ್ ಸ್ಟ್ರಟ್ (ಎತ್ತಿದ ಮುಚ್ಚಳವನ್ನು ತಾನೇ ಹಿಡಿದು ನಿಲ್ಲಿಸುವ ಸಲಾಕೆ) ಮೇಲೆ ಎತ್ತುವ ಹಾಗೆ ಮಾಡಿದೆ, ಎರಡೂ ಕೈ ಬಿಡುವಾಗಿರುತ್ತವೆ. ನನ್ನ ತೊಟ್ಟಿಯಿಂದ ದಿನಕ್ಕೆ ಐದಾರು ಲೀಟರ್ ಆವಿಯಾಗುತ್ತದೆ. ಪೂರ್ತಿ ಮುಚ್ಚಿದ್ದಾಗ ಅದು ಮುಚ್ಚಳದ ಒಳಗೆ ಹನಿಯಾಗಿ ನಿಲ್ಲುತ್ತಿತ್ತು, ನೀರಿನ ಬಿಸಿಯೂ ಏರುತ್ತಿತ್ತು. ಹಿಂದೆ ಉದ್ದನೆಯ ಸೀಳು ಬಿಟ್ಟು, ಗಾಳಿಯನ್ನು ಹೊರಗೆ ತಳ್ಳುವ ಎರಡು ಸಣ್ಣ ಫ್ಯಾನ್ ಹಾಕಿದ ಮೇಲೆ ಎರಡೂ ಸರಿಹೋಯಿತು. ಕರೆಂಟಿನ ಸಾಮಾನಿಗೆ ಬಲಗಡೆ ಪೂರ್ತಿ ಬೇರೆ ಗೂಡಿದೆ. ವೈರುಗಳೆಲ್ಲ ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರುತ್ತವೆ, ವೈರಿನ ಮೇಲೆ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ ಅಂತ. 30 ಮಿಲಿಆಂಪ್ ಕರೆಂಟ್ ಸೋರಿದರೂ ಕಡಿಯುವ ಬ್ರೇಕರ್ ಇದೆ. ಇದರಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ.

ತಿಂಗಳಿಗೊಮ್ಮೆ ಪಂಪ್ ಆರಿಸಿ ಸಂಪಿನ ಟೇಪ್ ನೋಡುತ್ತೇನೆ. ಪೈಪಿನ ತೂತು ಕಟ್ಟಿಕೊಂಡರೆ ನೀರು ಟೇಪ್ ದಾಟುತ್ತದೆ. ಹೋದ ತಿಂಗಳು ಎರಡು ಬೆರಳು ದಾಟಿತ್ತು. ಮುಚ್ಚಳ ಎತ್ತಿ ನೋಡಿದರೆ ತೂತಿನ ಮೇಲೆ ಸರಿಯಾಗಿ ಒಂದು ಪುಟ್ಟ ಬಸವನಹುಳು ಕೂತಿತ್ತು. ಬಿಡಿಸಿ ಕಲ್ಲಿನ ಮೇಲೆ ಬಿಟ್ಟೆ, ತೂತಿಗೆ ಬ್ರಷ್ ಆಡಿಸಿ ಪಂಪ್ ಹಾಕಿದೆ.